ಪ್ರಾಚೀನ ಮೆಸೊಪೊಟೇಮಿಯದಲ್ಲಿ ಅರಸನ ದೈವತ್ವ

೧

ಪ್ರಾಚೀನ ಪೂರ್ವದೇಶಗಳಲ್ಲಿ ಜನರು ಅರಸನನ್ನೇ ದೇವರೆಂದು ನಂಬಿ ಪೂಜಿಸುತ್ತಿದ್ದರೆಂಬ ಮಾತು ಚರಿತ್ರೆಯ ಪುಸ್ತಕಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಈಜಿಪ್ಟಿನ ಫೇರೋಗಳ ವಿಷಯದಲ್ಲಿ ಈ ಮಾತಿಗೆ ಸಾಕಷ್ಟು ಆಧಾರವುಂಟು. ಆದರೆ ಯೂಫ್ರೆಟೀಸ್ ಮತ್ತು ಟೈಗ್ರಿಸ್ ನದಿಗಳ ನಡುವಣ ನಾಡಿಗೂ, ಎಂದರೆ ಸುಮೇರ್, ಅಕ್ಕಾಡ್, ಬಾಬಿಲೋನ್, ಅಸ್ಸೀರಿಯ ಎಂಬ ಹೆಸರುಗಳಿಂದ ಕಾಲಕ್ರಮದಲ್ಲಿ ಪ್ರಸಿದ್ಧವಾದ ಮೆಸೊಪೊಟೇಮಿಯಕ್ಕೂ, ಇದೇ ಮಾತನ್ನು ವಿಚಾರಮಾಡದೆ ಅನ್ವಯಿಸುವುದು ವಾಡಿಕೆಯಾಗಿದೆ. ಹೀಗೆ ಅನ್ವಯಿಸಿದುದರಿಂದ ಎರಡು ದೋಷಗಳು ಸಂಭವಿಸಿವೆ. ಮೊದಲನೆಯದು, ಕೆಲವೇ ಅರಸರ ಕಾಲಕ್ಕೆ ಸೇರಿದ ಒಂದು ಆಚಾರವು ಎರಡು ಸಾವಿರ ವರ್ಷಗಳಿಗೂ ಮಿಕ್ಕ ರಾಜ್ಯಪರಂಪರೆಯ ಸಾಮಾನ್ಯ ಲಕ್ಷಣವೆಂದು ತೋರುವುದು. ಎರಡನೆಯದು, ಆ ನಾಡಿನ ಜನರು ತಮ್ಮ ಅರಸರ ವಿಷಯದಲ್ಲಿ ವಿವೇಚನೆಯಿಲ್ಲದೆ ತಲೆಬಾಗಿದವರೆಂಬ ಅಪವಾದವು ಹುಟ್ಟುವುದು.

ಶಾಸನಗಳು ಹೇಳುವುದು ಬೇರೆಯಾಗಿದೆ. ಮೆಸೊಪೊಟೇಮಿಯದಲ್ಲಿ ಅರಸನು ದೇವರಾದುದು ಒಂದು ಗೊತ್ತಾದ ಕಾಲದಲ್ಲಿ, ಗೊತ್ತಾದ ಸಂಕಟಕ್ಕೆ ಉತ್ತರವಾಗಿ. ಅವನ ದೈವತ್ವಕ್ಕೆ ಆದಿಯೂ ಉಂಟು, ಅಂತ್ಯವೂ ಉಂಟು. ಈ ಅಂಶವನ್ನು ಉಪಲಬ್ಧವಾದ ಆಧಾರಗಳಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ. ಅರಸನು ಲೋಕಪಾಲರ ಅಂಶಗಳಿಂದ ನಿರ್ಮಿತನಾದವನೆಂಬ ನಮ್ಮ ಧರ್ಮಶಾಸ್ತ್ರದ ಮಾತು ವಾಚಕರಿಗೆ ಸಹಜವಾಗಿಯೇ ನೆನಪಿಗೆ ಬರಬಹುದು. ಆದರೆ ಎರಡು ದೇಶಗಳ ಸಂಸ್ಥೆಗಳನ್ನು ಹೋಲಿಸುವ ಮುನ್ನ ಒಂದೊಂದನ್ನೂ ಅದರದರ ನೆಲದಲ್ಲಿಟ್ಟು ನೋಡಬೇಕಾದುದರಿಂದ ಆ ಹೋಲಿಕೆಯನ್ನು ಇಲ್ಲಿ ಕೈಕೊಂಡಿಲ್ಲ.

೨

ಈ ವಿಷಯದಲ್ಲಿ ಪಾಶ್ಚಾತ್ಯ ವಿದ್ವಾಂಸರ ಅಭಿಪ್ರಾಯಗಳು ಹೇಗೆ ಬದಲಾದವೆಂಬುದನ್ನು ಮೊದಲು ಸಂಕ್ಷೇಪವಾಗಿ ಹೇಳುವುದು ಉಚಿತ. ಜೇಮ್ಸ್ ಫ್ರೇಜರನು ೧೮೯೦ರಲ್ಲಿ ಪ್ರಕಟಿಸಿದ ‘ಸುವರ್ಣ ಶಾಖೆ’ ಎಂಬ ಗ್ರಂಥದಲ್ಲಿ, ಪ್ರಾಚೀನ ಸಮಾಜಗಳಲ್ಲಿ ಅರಸನು ಸಸ್ಯಸಮೃದ್ಧಿಯ ಮೂರ್ತಸ್ವರೂಪನಾಗಿದ್ದನೆಂದೂ, ಅವನ ಶಕ್ತಿ ಕುಂದಿದಾಗ ಅವನನ್ನು ಕೊಂದು ಮತ್ತೊಬ್ಬನನ್ನು ಪ್ರತಿಷ್ಠಿಸುತ್ತಿದ್ದರೆಂದೂ ಪ್ರತಿಪಾದಿಸಿದನು. ಈ ಮತದ ಪ್ರಭಾವವು ವಿಶೇಷವಾಗಿ ಹಬ್ಬಿತು. ಹುಕ್ ಎಂಬ ವಿದ್ವಾಂಸನ ಸಂಪಾದಕತ್ವದಲ್ಲಿ ೧೯೩೩ರಲ್ಲಿ ಹೊರಬಂದ ‘ಪುರಾಣ ಮತ್ತು ಕರ್ಮಾಚರಣೆ’ ಎಂಬ ಲೇಖನಸಂಗ್ರಹವು, ಪಶ್ಚಿಮ ಏಷ್ಯದ ನಾಡುಗಳಿಗೆಲ್ಲ ಒಂದೇ ಆಚರಣೆಯ ಮಾದರಿಯಿದ್ದಿತೆಂದೂ ಅದರ ಕೇಂದ್ರದಲ್ಲಿ ದೇವಸ್ವರೂಪನಾದ ಅರಸನು ನಿಂತಿದ್ದನೆಂದೂ ವಾದಿಸಿತು. ಸ್ವೀಡನ್ ದೇಶದ ಎಂಗ್ನೆಲ್ ೧೯೪೩ರಲ್ಲಿ ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋದನು.

ಇದಕ್ಕೆ ಪ್ರತಿಯಾದ ವಿಚಾರವೂ ಅದೇ ಕಾಲದಲ್ಲಿ ಮೊದಲಾಯಿತು. ಫ್ರಾನ್ಸಿನ ರೆನೆ ಲಬಾ ೧೯೩೯ರಲ್ಲಿ ಅಸ್ಸೀರಿಯ ಮತ್ತು ಬಾಬಿಲೋನ್‌ಗಳ ಅರಸುತನದ ಧಾರ್ಮಿಕ ಸ್ವರೂಪವನ್ನು ಶಾಸನಗಳ ಆಧಾರದಿಂದ ವಿವರಿಸಿದನು. ಹೆನ್ರಿ ಫ್ರಾಂಕ್‌ಫರ್ಟನು ೧೯೪೮ರಲ್ಲಿ ಪ್ರಕಟಿಸಿದ ‘ಅರಸುತನ ಮತ್ತು ದೇವತೆಗಳು’ ಎಂಬ ಗ್ರಂಥವು ಈಜಿಪ್ಟನ್ನೂ ಮೆಸೊಪೊಟೇಮಿಯವನ್ನೂ ಅಕ್ಕಪಕ್ಕದಲ್ಲಿಟ್ಟು, ಅವುಗಳ ಸಾಮ್ಯಕ್ಕಿಂತ ಭೇದವೇ ಹೆಚ್ಚೆಂದು ತೋರಿಸಿತು. ಅವನ ಮತದಂತೆ ಫೇರೋ ಹುಟ್ಟಿನಿಂದಲೇ ದೇವರು. ಮೆಸೊಪೊಟೇಮಿಯದ ಅರಸನಾದರೋ ಮನುಷ್ಯರೊಳಗೆ ಶ್ರೇಷ್ಠನಾಗಿ ದೇವತೆಗಳ ಸೇವೆಗಾಗಿ ಆರಿಸಲ್ಪಟ್ಟವನು. ದೈವತ್ವವನ್ನು ತಾಳಿದ ಕೆಲವು ಅರಸರ ವಿಷಯದಲ್ಲಿ ಮಾತ್ರ ಫ್ರಾಂಕ್‌ಫರ್ಟನು ಬೇರೊಂದು ಕಾರಣವನ್ನು ಊಹಿಸಿದನು. ಯಾವ ಅರಸನನ್ನು ದೇವಿಯು ತನ್ನ ಶಯ್ಯೆಗೆ ಕರೆದಳೋ ಅವನು ಮಾತ್ರ ದೇವರೆನಿಸಿಕೊಂಡನೆಂಬುದು ಆ ಊಹೆ. ಈ ‘ಪವಿತ್ರ ವಿವಾಹ’ದ ಆಧಾರಗಳು ಬಹುಮಟ್ಟಿಗೆ ಕಾವ್ಯಗಳಲ್ಲಿಯೂ ಸ್ತೋತ್ರಗಳಲ್ಲಿಯೂ ಬರುವಂಥವು, ಅದನ್ನು ನಿಜವಾಗಿ ಆಚರಿಸುತ್ತಿದ್ದರೋ ಅಥವಾ ಅದು ಕವಿಗಳ ಭಾಷೆಯೋ ಎಂಬುದು ಇಂದಿಗೂ ವಿವಾದಾಸ್ಪದವಾಗಿದೆ. ೨೦೦೭ರಲ್ಲಿ ಶಿಕಾಗೋ ನಗರದಲ್ಲಿ ಇದೇ ವಿಷಯವನ್ನು ಕುರಿತು ವಿದ್ವದ್ಗೋಷ್ಠಿಯೊಂದು ನಡೆದು, ಅದರ ಲೇಖನಗಳು ನಿಕೋಲ್ ಬ್ರಿಶ್ ಎಂಬ ವಿದುಷಿಯ ಸಂಪಾದಕತ್ವದಲ್ಲಿ ೨೦೦೮ರಲ್ಲಿ ಪ್ರಕಟವಾದುವು. ಅದರಲ್ಲಿ ಪ್ಯೋತ್ರ್ ಮಿಖಲೋವ್‌ಸ್ಕಿ ಎಂಬ ಪಂಡಿತನು, ಊರ್ ನಗರದ ದೇವರಾಜರು ನಿಜವಾಗಿ ಮರ್ತ್ಯರೇ ಎಂದೂ, ಅವರ ದೈವತ್ವವು ಒಂದು ಶತಮಾನವನ್ನೂ ಪೂರ್ತಿಯಾಗಿ ತುಂಬಲಿಲ್ಲವೆಂದೂ ತೋರಿಸಿದನು. ಮುಂದೆ ಹೇಳುವ ವಿಚಾರವು ಅನೇಕಾಂಶಗಳಲ್ಲಿ ಈ ದಾರಿಯನ್ನೇ ಅನುಸರಿಸುತ್ತದೆ.

೩

ಶಾಸನಪಾಠದಲ್ಲಿ ಪಳಗಿದ ವಾಚಕರಿಗೆ ಮೊದಲು ಏಳುವ ಪ್ರಶ್ನೆಯು, ಅರಸನು ದೇವರೆನಿಸಿಕೊಂಡನೆಂಬುದನ್ನು ಯಾವ ಗುರುತಿನಿಂದ ತಿಳಿಯಬೇಕೆಂಬುದು. ಮೆಸೊಪೊಟೇಮಿಯದವರು ಹಸಿ ಮಣ್ಣಿನ ಫಲಕಗಳ ಮೇಲೆ ಜೊಂಡಿನ ಕಡ್ಡಿಯಿಂದ ಒತ್ತಿ ಬರೆಯುತ್ತಿದ್ದರು. ಅಕ್ಷರಗಳ ಗೀಟುಗಳು ಬೆಣೆಯ ಆಕಾರದಲ್ಲಿರುವುದರಿಂದ ಈ ಲಿಪಿಗೆ ಬೆಣೆಲಿಪಿಯೆಂದು ಹೆಸರು. ಇದರಲ್ಲಿ ಮೊದಲು ನಕ್ಷತ್ರದ ಆಕಾರದಲ್ಲಿದ್ದ ಒಂದು ಚಿಹ್ನೆಯುಂಟು. ಅದನ್ನು ‘ಅನ್’ ಎಂದು ಓದಿದರೆ ಆಕಾಶವೆಂದೂ, ‘ದಿಂಗಿರ್’ ಎಂದು ಓದಿದರೆ ದೇವರೆಂದೂ ಅರ್ಥವಾಗುತ್ತದೆ. ದೇವತೆಯ ಹೆಸರನ್ನು ಬರೆಯುವಾಗ ಅದರ ಮುಂದೆ ಈ ಚಿಹ್ನೆಯನ್ನು ಬರೆಯುವುದು ಲೇಖಕರ ಪದ್ಧತಿ. ಆಗ ಅದನ್ನು ಉಚ್ಚರಿಸುವುದಿಲ್ಲ. ಮುಂದೆ ಬರುವುದು ದೇವತೆಯ ಹೆಸರೆಂದು ಅದು ಕಣ್ಣಿಗೆ ಮಾತ್ರ ತಿಳಿಸುತ್ತದೆ. ಈ ಚಿಹ್ನೆಯು ಬದುಕಿರುವ ಅರಸನೊಬ್ಬನ ಹೆಸರಿನ ಮುಂದೆ ಬಂದರೆ ಅವನು ದೈವತ್ವವನ್ನು ಪಡೆದಿದ್ದನೆಂದು ತಿಳಿಯಬೇಕು. ಶಿಲ್ಪದಲ್ಲಿ ಇದಕ್ಕೆ ಸಮನಾದ ಗುರುತು ಕೊಂಬುಳ್ಳ ಕಿರೀಟ. ದೇವತೆಗಳು ಮಾತ್ರ ಅದನ್ನು ಧರಿಸುತ್ತಿದ್ದರು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಈ ಚಿಹ್ನೆಯು ದೇವತೆಗಳಿಗೆ ಮಾತ್ರ ಮೀಸಲಾಗಿರಲಿಲ್ಲ. ದೇವಾಲಯದಲ್ಲಿ ನೈವೇದ್ಯವನ್ನು ಪಡೆಯುತ್ತಿದ್ದ ವೀಣೆ, ಭೇರಿ, ಆಯುಧ ಮೊದಲಾದ ವಸ್ತುಗಳ ಹೆಸರುಗಳಿಗೂ ಅದನ್ನು ಸೇರಿಸಿರುವುದು ಕಾಣುತ್ತದೆ. ಆದುದರಿಂದ ‘ದಿಂಗಿರ್’ ಎಂಬುದು ಜಗತ್ತನ್ನು ಸೃಷ್ಟಿಸಿದ ಪರಮೇಶ್ವರನೆಂಬ ಭಾವವನ್ನು ಕೊಡುವುದಿಲ್ಲ. ಪೂಜೆಗೆ ಅರ್ಹವಾದುದು, ನೈವೇದ್ಯಕ್ಕೆ ಪಾತ್ರವಾದುದು ಎಂಬಷ್ಟೇ ಅದರ ತಾತ್ಪರ್ಯವಿರಬೇಕು. ನಮ್ಮ ‘ದೇವರು’ ಎಂಬ ಮಾತಿನ ಭಾರವನ್ನೆಲ್ಲ ಆ ಚಿಹ್ನೆಯ ಮೇಲೆ ಹೊರಿಸಿದುದರಿಂದಲೇ ಹಲವು ಭ್ರಾಂತಿಗಳು ಹುಟ್ಟಿವೆ.

ಅತಿ ಪ್ರಾಚೀನರಾದ ಸುಮೇರಿಯದ ಅರಸರ ಶಾಸನಗಳನ್ನು ಈ ದೃಷ್ಟಿಯಿಂದ ನೋಡಿದರೆ ಆಶ್ಚರ್ಯವಾಗುತ್ತದೆ. ಅರಸನಿಗೆ ಅವರು ಬಳಸುತ್ತಿದ್ದ ‘ಲುಗಲ್’ ಎಂಬ ಮಾತಿಗೆ ದೊಡ್ಡ ಮನುಷ್ಯನೆಂದೇ ಅರ್ಥ. ಕ್ರಿ.ಪೂ. ೨೫ನೆಯ ಶತಮಾನದಲ್ಲಿ ಲಗಾಶ್ ರಾಜ್ಯವನ್ನಾಳಿದ ಎಅನ್ನಾತುಮನು ‘ರಣಹದ್ದುಗಳ ಶಿಲೆ’ಯೆಂದು ಪ್ರಸಿದ್ಧವಾದ ತನ್ನ ವಿಜಯಶಾಸನದಲ್ಲಿ, ನಿಂಗಿರ್ಸು ದೇವನ ಬೀಜದಿಂದ ತಾನು ಹುಟ್ಟಿದೆನೆಂದೂ, ನಿನ್ಹುರ್ಸಗ್ ದೇವಿಯ ಸ್ತನ್ಯವನ್ನು ಕುಡಿದು ಬೆಳೆದೆನೆಂದೂ ಹೇಳಿಸಿಕೊಂಡಿದ್ದಾನೆ. ಅವನ ಮೈಯಳತೆ ಐದು ಮೊಳಕ್ಕೂ ಮಿಕ್ಕಿದುದೆಂಬ ವರ್ಣನೆಯೂ ಅಲ್ಲಿದೆ. ಇಷ್ಟಾದರೂ ಅವನ ಹೆಸರಿನ ಮುಂದೆ ದೇವಚಿಹ್ನೆಯಿಲ್ಲ. ದೇವತೆಗಳ ಮಗನಾಗುವುದು ಬೇರೆ, ದೇವತೆಯಾಗುವುದು ಬೇರೆ ಎಂಬ ವಿವೇಚನೆ ಆ ಲೇಖಕರಲ್ಲಿ ಸ್ಪಷ್ಟವಾಗಿದ್ದಿತು. ಕ್ರಿ.ಪೂ. ೨೨ನೆಯ ಶತಮಾನದಲ್ಲಿ ಅದೇ ಲಗಾಶನ್ನಾಳಿದ ಗುದೆಯನೂ ಹೀಗೆಯೇ. ತನಗೆ ತಾಯಿಯಿಲ್ಲ, ತಂದೆಯಿಲ್ಲ, ನೀನೇ ನನಗೆ ತಾಯಿ ತಂದೆಯೆಂದು ಗತುಂದುಗ್ ದೇವಿಯನ್ನು ಪ್ರಾರ್ಥಿಸಿದ ಅವನು ಬದುಕಿರುವಾಗ ಮನುಷ್ಯನಾಗಿಯೇ ಉಳಿದನು. ಅವನಿಗೆ ದೇವರಂತೆ ಬಲಿನೈವೇದ್ಯಗಳು ಸಂದುದು ಅವನು ತೀರಿದ ತರುವಾಯ, ಊರ್ ನಗರದ ಅರಸರ ಕಾಲದಲ್ಲಿ.

೪

ಬದುಕಿರುವಾಗಲೇ ದೇವಚಿಹ್ನೆಯನ್ನು ತಾಳಿದವರಲ್ಲಿ ಮೊದಲಿಗನೆಂದು ಶಾಸನಗಳಿಂದ ತಿಳಿಯುವವನು ಅಕ್ಕಾಡಿನ ನರಾಂಸಿನ್. ಇವನು ಸಾಮ್ರಾಜ್ಯಸ್ಥಾಪಕನಾದ ಸರ್ಗೋನನ ಮೊಮ್ಮಗ. ಸಾಮಾನ್ಯವಾಗಿ ಅಂಗೀಕೃತವಾದ ಕಾಲಗಣನೆಯಂತೆ ಕ್ರಿ.ಪೂ. ೨೨೫೪ರಿಂದ ೨೨೧೮ರವರೆಗೆ ಆಳಿದನು. ಇವನು ದೇವರಾದ ಬಗೆಯನ್ನು ಇವನ ಶಾಸನವೇ ಹೇಳುತ್ತದೆ. ಉತ್ತರ ಇರಾಕಿನ ಬಸ್ಸೆಟ್ಕಿ ಎಂಬಲ್ಲಿ ತಾಮ್ರದ ವಿಗ್ರಹವೊಂದರ ಅಡಿಭಾಗವು ದೊರೆತು, ಅದರ ಮೇಲಣ ಅಕ್ಕಾಡಿಯ ಭಾಷೆಯ ಲೇಖವು ೧೯೭೬ರಲ್ಲಿ ಪ್ರಕಟವಾಯಿತು. ನಾಲ್ಕು ದಿಕ್ಕುಗಳೂ ಒಟ್ಟಾಗಿ ದಂಗೆಯೆದ್ದಾಗ ನರಾಂಸಿನ್ ಇಶ್ತಾರ್ ದೇವಿಯ ಕೃಪೆಯಿಂದ ಒಂದೇ ವರ್ಷದಲ್ಲಿ ಒಂಬತ್ತು ಯುದ್ಧಗಳನ್ನು ಗೆದ್ದನೆಂದೂ, ಸಂಕಟಕಾಲದಲ್ಲಿ ಅವನು ನಗರದ ಬುನಾದಿಯನ್ನು ಭದ್ರಪಡಿಸಿದುದರಿಂದ ಅಕ್ಕಾಡಿನ ನಗರವಾಸಿಗಳು ಅವನನ್ನು ತಮ್ಮ ನಗರದ ದೇವರನ್ನಾಗಿ ದಯಪಾಲಿಸಬೇಕೆಂದು ಬೇಡಿ, ಅಕ್ಕಾಡಿನ ನಡುವೆ ಅವನಿಗೆ ಗುಡಿ ಕಟ್ಟಿದರೆಂದೂ ಅದರಲ್ಲಿ ಹೇಳಿದೆ.

ಅವರು ಬೇಡಿದುದು ಯಾರನ್ನು? ಲೇಖವು ಎಂಟು ದೇವತೆಗಳನ್ನು ಅವರವರ ಕ್ಷೇತ್ರಗಳೊಡನೆ ಹೆಸರಿಸುತ್ತದೆ. ಎಅನ್ನದ ಇಶ್ತಾರ್, ನಿಪ್ಪುರಿನ ಎನ್ಲಿಲ್, ತುತ್ತುಲಿನ ದಗಾನ್, ಕೇಶಿನ ನಿನ್ಹುರ್ಸಗ್, ಎರಿದುವಿನ ಏಆ, ಊರಿನ ಸಿನ್, ಸಿಪ್ಪರಿನ ಶಮಶ್, ಕೂತಾದ ನೆರ್ಗಲ್, ಇವರೇ ಆ ದೇವತೆಗಳು. ಎಲ್ಲರೂ ಬೇರೆ ಬೇರೆ ಊರುಗಳ ಅಧಿದೇವತೆಗಳು. ಅವುಗಳಲ್ಲಿ ಕೆಲವು ಊರುಗಳು ದಂಗೆಯಲ್ಲಿ ಸೇರಿದಂಥವು. ಈ ಪಟ್ಟಿಯನ್ನು ನೋಡಿದರೆ ಮೂರು ಅಂಶಗಳು ವ್ಯಕ್ತವಾಗುತ್ತವೆ. ಒಂದು, ಅರಸನು ತಾನಾಗಿ ದೇವರೆಂದು ಘೋಷಿಸಿಕೊಂಡನೆಂದು ಶಾಸನವು ಹೇಳದೆ, ನಗರದವರ ಬಿನ್ನಹವನ್ನೂ ಹಳೆಯ ದೇವತೆಗಳ ಅನುಮತಿಯನ್ನೂ ಮುಂದೊಡ್ಡುತ್ತದೆ. ಈ ಬಿನ್ನಹವು ಅರಮನೆಯ ಪ್ರೇರಣೆಯಿಂದ ಆದುದೇ ಇರಬಹುದು. ಆದರೂ ಅಂಥ ಅನುಮತಿ ಬೇಕೆಂದು ತೋರಿದುದೇ ಗಮನಾರ್ಹ. ಎರಡು, ಅವನು ಲೋಕಕ್ಕೆಲ್ಲ ದೇವರಾಗದೆ ಅಕ್ಕಾಡ್ ಎಂಬ ಒಂದು ನಗರದ ದೇವರಾದನು. ಅವನ ಸೇವಕರ ಮುದ್ರೆಗಳಲ್ಲಿಯೂ ‘ಅಕ್ಕಾಡಿನ ದೇವ’ನೆಂದೇ ಅವನನ್ನು ಸಂಬೋಧಿಸಿದೆ. ಮೂರು, ಇದು ನಡೆದುದು ರಾಜ್ಯವು ನಾಶದ ಅಂಚಿಗೆ ಹೋಗಿ ಹಿಂದಿರುಗಿದ ಸಮಯದಲ್ಲಿ.

ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ನರಾಂಸಿನನ ವಿಜಯಶಿಲೆಯೂ ಇದನ್ನೇ ಸಮರ್ಥಿಸುತ್ತದೆ. ಏಲಾಮಿನ ಅರಸನೊಬ್ಬನು ಕ್ರಿ.ಪೂ. ೧೨ನೆಯ ಶತಮಾನದಲ್ಲಿ ಕೊಳ್ಳೆಯಾಗಿ ಸೂಸಾ ನಗರಕ್ಕೆ ಒಯ್ದ ಈ ಶಿಲೆಯನ್ನು ಫ್ರೆಂಚರು ೧೮೯೮ರಲ್ಲಿ ಅಲ್ಲಿಯೇ ಅಗೆದು ತೆಗೆದರು. ಬೆಟ್ಟವನ್ನೇರುತ್ತಿರುವ ಅರಸನ ಶಿರಸ್ತ್ರಾಣಕ್ಕೆ ಕೊಂಬುಗಳಿವೆ. ಸೈನಿಕರೂ ಶತ್ರುಗಳೂ ಅವನ ಪಾದದ ಕೆಳಗೆ ಚಿಕ್ಕವರಾಗಿ ಕಾಣುತ್ತಾರೆ. ಆದರೆ ಶ್ರೇಷ್ಠದೇವತೆಗಳ ಕಿರೀಟದಲ್ಲಿ ಹಲವು ಜೊತೆ ಕೊಂಬುಗಳಿರುವಾಗ ಅವನಿಗಿರುವುದು ಒಂದೇ ಜೊತೆ. ಅವನ ತಲೆಯ ಮೇಲುಗಡೆ ಆಕಾಶದಲ್ಲಿ ಮಹಾದೇವತೆಗಳ ಜ್ಯೋತಿರ್ಬಿಂಬಗಳು ಕೊರೆಯಲ್ಪಟ್ಟಿವೆ. ಅವನು ದೇವರಾದರೂ ಕಿರಿಯ ದೇವರು.

ನರಾಂಸಿನನ ಮಗನಾದ ಶರ್ಕಲಿಶರ್ರಿಯ ಶಾಸನಗಳಲ್ಲಿ ದೇವಚಿಹ್ನೆ ಒಮ್ಮೆ ಉಂಟು, ಒಮ್ಮೆ ಇಲ್ಲ. ಅವನ ಅನಂತರ ಅಕ್ಕಾಡ್ ಸಾಮ್ರಾಜ್ಯವು ಕುಸಿಯಿತು. ‘ಅಕ್ಕಾಡಿನ ಶಾಪ’ವೆಂಬ ಸುಮೇರಿಯ ಕಾವ್ಯವು ಈ ಪತನಕ್ಕೆ ನರಾಂಸಿನನನ್ನೇ ಹೊಣೆಮಾಡಿ, ಅವನು ನಿಪ್ಪುರಿನಲ್ಲಿ ಎನ್ಲಿಲನ ಆಲಯವನ್ನು ಕೆಡವಿಸಿ ದೇವಕೋಪಕ್ಕೆ ಗುರಿಯಾದನೆಂದು ಹೇಳುತ್ತದೆ. ಆದರೆ ಆ ಆಲಯವನ್ನು ಅವನು ಹೊಸದಾಗಿ ಕಟ್ಟಿಸುತ್ತಿದ್ದನೆಂಬುದಕ್ಕೆ ನಿಪ್ಪುರಿನಲ್ಲಿ ದೊರೆತ ಅವನ ಹೆಸರಿನ ಇಟ್ಟಿಗೆಗಳೇ ಸಾಕ್ಷಿಯಾಗಿವೆ. ಕಾವ್ಯವನ್ನು ಚರಿತ್ರೆಯೆಂದು ಓದಬಾರದೆಂಬುದಕ್ಕೆ ಇದೊಂದು ಒಳ್ಳೆಯ ನಿದರ್ಶನ. ಅವನು ದೇವರೆನಿಸಿಕೊಂಡುದೇ ಅವನ ಪಾಪವೆಂದು ಆ ಕಾವ್ಯವು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲವೆಂಬುದನ್ನೂ ಇಲ್ಲಿ ಮರೆಯಬಾರದು.

೫

ಅಕ್ಕಾಡಿನ ಪತನದ ಬಳಿಕ ಸುಮಾರು ಒಂದು ಶತಮಾನ ಕಳೆದು ದಕ್ಷಿಣದ ಊರ್ ನಗರದಲ್ಲಿ ಹೊಸ ರಾಜವಂಶವೊಂದು ತಲೆಯೆತ್ತಿತು. ಇದರ ಮೂಲಪುರುಷನಾದ ಊರ್‌ನಮ್ಮುವು ಕ್ರಿ.ಪೂ. ೨೧೧೨ರಿಂದ ೨೦೯೫ರವರೆಗೆ ಆಳಿದನು. ಅವನು ಧರ್ಮಶಾಸನವನ್ನು ಬರೆಯಿಸಿದನು, ಊರಿನ ಪ್ರಸಿದ್ಧವಾದ ಮೆಟ್ಟಿಲುಗೋಪುರವನ್ನು ಕಟ್ಟಿಸಿದನು; ಆದರೆ ದೇವಚಿಹ್ನೆಯನ್ನು ತಾಳಲಿಲ್ಲ. ಅವನ ಮರಣವನ್ನು ಕುರಿತ ಸುಮೇರಿಯ ಕಾವ್ಯವೊಂದು ಉಳಿದುಬಂದಿದೆ. ದೇವತೆಗಳಿಗೆ ಇಷ್ಟೆಲ್ಲ ಸೇವೆ ಸಲ್ಲಿಸಿದ ಅರಸನು ರಣಭೂಮಿಯಲ್ಲಿ ಕೈಬಿಡಲ್ಪಟ್ಟು ಅಕಾಲದಲ್ಲಿ ಪಾತಾಳಕ್ಕಿಳಿದನೆಂದೂ, ದೇವತೆಗಳು ತಮ್ಮ ಮಾತಿಗೆ ತಪ್ಪಿದರೆಂದೂ ಆ ಕಾವ್ಯದಲ್ಲಿ ಕೊರಗಿದೆ. ಅರಸನು ದೇವತೆಗಳಿಂದ ವರಿಸಲ್ಪಟ್ಟವನೆಂಬ ನಂಬಿಕೆಯ ಮೇಲೆ ನಿಂತ ರಾಜ್ಯದಲ್ಲಿ ಇಂಥ ಮರಣವು ಸಾಮಾನ್ಯವಾದ ಸಂಕಟವಲ್ಲ. ವರಣವೇ ಸುಳ್ಳಾಯಿತೇ ಎಂಬ ಸಂದೇಹಕ್ಕೆ ಅದು ಎಡೆಗೊಡುತ್ತದೆ. ಮಗನಾದ ಶುಲ್ಗಿಯು ದೈವತ್ವವನ್ನು ತಾಳಿದುದು ಈ ಸಂದೇಹಕ್ಕೆ ಉತ್ತರವಾಗಿಯೇ ಎಂದು ಮಿಖಲೋವ್‌ಸ್ಕಿಯು ಊಹಿಸಿರುವುದು ಯುಕ್ತವಾಗಿ ತೋರುತ್ತದೆ.

ಶುಲ್ಗಿಯು ೪೮ ವರ್ಷ ಆಳಿದನು. ಮೊದಲ ವರ್ಷಗಳ ಫಲಕಗಳಲ್ಲಿ ಅವನ ಹೆಸರು ಚಿಹ್ನೆಯಿಲ್ಲದೆ ಬರುತ್ತದೆ. ಆಳ್ವಿಕೆಯ ೨೦ನೆಯ ವರ್ಷದ ಸುಮಾರಿನಿಂದ ದೇವಚಿಹ್ನೆಯು ಸ್ಥಿರವಾಗುತ್ತದೆ. ಇದೇ ಕಾಲದಲ್ಲಿ ರಾಜ್ಯದ ವ್ಯವಸ್ಥೆಯೂ ಬದಲಾಗುತ್ತಾ ಬಂದಿತು. ಸೈನ್ಯವನ್ನು ಹೊಸದಾಗಿ ಕೂಡಿಸಲಾಯಿತು; ದೇವಾಲಯಗಳ ಭೂಮಿಕಾಣಿಯ ಮೇಲೆ ಅರಮನೆಯ ಹಿಡಿತವು ಬಲವಾಯಿತು; ಪ್ರಾಂತಗಳು ಸರದಿಯಂತೆ ಕಪ್ಪವನ್ನು ಸಲ್ಲಿಸುವ ಕ್ರಮವು ಏರ್ಪಟ್ಟಿತು. ೩೯ನೆಯ ವರ್ಷದಲ್ಲಿ ನಿಪ್ಪುರಿನ ಬಳಿ ಪುಜ್ರಿಶ್‌ದಗಾನ್ ಎಂಬ ಠಾಣ್ಯವು ದನಕುರಿಗಳ ಸಂಗ್ರಹಕ್ಕಾಗಿ ಸ್ಥಾಪಿತವಾಯಿತು. ಒಂದೊಂದು ಊರಿಗೂ ಒಂದೊಂದು ಅಧಿದೇವತೆಯಿದ್ದು, ಆ ದೇವತೆಯೇ ಊರಿನ ನಿಜವಾದ ಒಡೆಯನೆಂದು ಭಾವಿಸುತ್ತಿದ್ದ ನಾಡಿನಲ್ಲಿ, ಎಲ್ಲ ಊರುಗಳಿಗೂ ಸಾಮಾನ್ಯನಾದ ಒಬ್ಬ ಒಡೆಯನು ಬೇಕಾದರೆ ಅವನೂ ದೇವರ ಪಂಕ್ತಿಯಲ್ಲಿ ಕುಳಿತಿರಬೇಕಾಗಿದ್ದಿತು. ಹೀಗೆ ಧರ್ಮವೂ ರಾಜ್ಯಾಡಳಿತವೂ ಇಲ್ಲಿ ಒಂದೇ ಹಗ್ಗದ ಎರಡು ಎಳೆಗಳಾಗಿ ಕಾಣುತ್ತವೆ.

ಈ ದೈವತ್ವವು ಕೇವಲ ಬಿರುದಾಗಿರಲಿಲ್ಲವೆಂಬುದಕ್ಕೆ ಲೆಕ್ಕಪತ್ರಗಳೇ ಪ್ರಮಾಣ. ಹಲವು ಊರುಗಳ ಪಂಚಾಂಗಗಳಲ್ಲಿ ‘ಶುಲ್ಗಿಯ ಉತ್ಸವ’ವೆಂದು ಒಂದು ತಿಂಗಳಿಗೆ ಹೆಸರು ಬಂದಿತು. ಅಧಿಕಾರಿಗಳು ಮಕ್ಕಳಿಗೆ ‘ಶುಲ್ಗಿ ನನ್ನ ದೇವರು’ ಎಂಬರ್ಥದ ಹೆಸರುಗಳನ್ನಿಟ್ಟರು. ಸ್ತೋತ್ರಗಳು ಅವನನ್ನು ಗಿಲ್ಗಮೇಶನ ಸಹೋದರನೆಂದು ಕೊಂಡಾಡಿದುವು. ಊರಿನಿಂದ ನಿಪ್ಪುರಿಗೆ ಒಂದೇ ದಿನದಲ್ಲಿ ಓಡಿ ಹಿಂದಿರುಗಿದನೆಂದು ವರ್ಣಿಸಿದುವು. ಅವನು ತೀರಿಕೊಂಡಾಗ ಲೆಕ್ಕದ ಫಲಕವೊಂದು, ಶುಲ್ಗಿಯು ಆಕಾಶಕ್ಕೇರಿದುದರಿಂದ ದಾಸಿಯರಿಗೆ ಏಳು ದಿನ ಕೆಲಸವಿಲ್ಲವೆಂದು ಗುರುತುಹಾಕಿಕೊಂಡಿತು. ಅರಸನ ಸ್ವರ್ಗಾರೋಹಣವು ಕೂಲಿಯ ಲೆಕ್ಕದಲ್ಲಿ ದಾಖಲಾದುದು ಆ ನಾಡಿನ ಲೇಖಕವರ್ಗದ ಸ್ವಭಾವಕ್ಕೆ ತಕ್ಕುದೇ ಆಗಿದೆ. ಮಹಾದೇವತೆಗಳ ಎದುರಿನಲ್ಲಿ ಮಾತ್ರ ಶುಲ್ಗಿಯೂ ಸೇವಕನೇ. ನಿಪ್ಪುರಿನ ಎನ್ಲಿಲನಿಗೆ ಪ್ರಾಣಿಗಳನ್ನೂ ಧಾನ್ಯವನ್ನೂ ಎಡೆಬಿಡದೆ ಕಳುಹಿಸುತ್ತಿದ್ದವರು ಈ ದೇವರಾಜರೇ.

೬

ದೇವರಾಜನ ಪೂಜೆಗೆಂದು ಕಟ್ಟಿದ ಗುಡಿಯೊಂದನ್ನು ಕಣ್ಣಾರೆ ಕಾಣುವ ಅವಕಾಶವು ಒದಗಿದುದು ಟೆಲ್ ಅಸ್ಮರ್ ಎಂಬ ದಿಬ್ಬದಲ್ಲಿ. ಇದು ಬಾಗ್ದಾದಿನ ಈಶಾನ್ಯಕ್ಕೆ, ದಿಯಾಲಾ ನದಿಯ ಸೀಮೆಯಲ್ಲಿದೆ. ಹಿಂದೆ ಇದಕ್ಕೆ ಎಶ್ನುನ್ನ ಎಂದು ಹೆಸರಿದ್ದಿತು. ಶಿಕಾಗೋ ವಿಶ್ವವಿದ್ಯಾನಿಲಯದ ಪ್ರಾಚ್ಯಸಂಸ್ಥೆಯವರು ಫ್ರಾಂಕ್‌ಫರ್ಟನ ನೇತೃತ್ವದಲ್ಲಿ ೧೯೩೦ರ ದಶಕದಲ್ಲಿ ಇಲ್ಲಿ ಭೂಶೋಧನೆಯನ್ನು ನಡೆಸಿ, ಅದರ ವೃತ್ತಾಂತವನ್ನು ೧೯೪೦ರಲ್ಲಿ ಪ್ರಕಟಿಸಿದರು. ಶುಲ್ಗಿಯ ವಂಶದ ನಾಲ್ಕನೆಯ ಅರಸನಾದ ಶುಸಿನ್ ಎಂಬವನ ಹೆಸರನ್ನು ಆಗ ಗಿಮಿಲ್‌ಸಿನ್ ಎಂದು ಓದುತ್ತಿದ್ದರು. ಅವನ ಅಧೀನದಲ್ಲಿ ಎಶ್ನುನ್ನದ ಅಧಿಪತಿಯಾಗಿದ್ದ ಇತುರಿಯನು ತನ್ನ ದೇವರಾದ ಶುಸಿನನಿಗೆ ಈ ಗುಡಿಯನ್ನು ಕಟ್ಟಿಸಿದನೆಂದು ಅಲ್ಲಿ ದೊರೆತ ಶಾಸನವು ಸಾರುತ್ತದೆ. ದಪ್ಪವಾದ ಗೋಡೆಗಳ ಚೌಕನಾದ ಕಟ್ಟಡ, ನಡುವೆ ಅಂಗಳ, ಅದರಾಚೆ ಗರ್ಭಗೃಹ, ಬಾಗಿಲಿಗೆ ನೇರವಾಗಿ ವಿಗ್ರಹಕ್ಕೆಂದು ಗೋಡೆಯಲ್ಲಿ ಗೂಡು, ಇದು ಆ ಗುಡಿಯ ವಿನ್ಯಾಸ. ಬೇರೆ ದೇವತೆಗಳ ಗುಡಿಗೂ ಇದಕ್ಕೂ ರಚನೆಯಲ್ಲಿ ಭೇದವಿಲ್ಲ.

ಊರ್, ಅದಬ್, ಗಿರ್ಸು ಮೊದಲಾದೆಡೆಗಳಲ್ಲಿಯೂ ಶುಸಿನನಿಗೆ ಗುಡಿಗಳನ್ನು ಕಟ್ಟಿದ ವಿಷಯವು ಶಾಸನಗಳಿಂದ ಗೊತ್ತಾಗುತ್ತದೆ. ಕಟ್ಟಿಸಿದವರು ಯಾರೆಂದು ನೋಡಿದರೆ, ಪ್ರಾಂತಾಧಿಪತಿಗಳು, ದಳವಾಯಿಗಳು, ಅರಸನಿಂದ ಪದವಿ ಪಡೆದವರು. ಹಳೆಯ ದೇವತೆಗಳಿಗೆ ನಡೆದುಕೊಳ್ಳುವುದು ಊರಿನವರ ಪರಂಪರೆ. ಅರಸದೇವರಿಗೆ ನಡೆದುಕೊಳ್ಳುವುದು ಅಧಿಕಾರಿಯ ನಿಷ್ಠೆಯ ಗುರುತು. ಹಾಗೆಂದು ಇದೆಲ್ಲವೂ ಬರಿಯ ಕಪಟವೆಂದು ಹೇಳಲಾಗದು. ಸ್ವಾಮಿನಿಷ್ಠೆಗೂ ಭಕ್ತಿಗೂ ನಡುವೆ ನಾವು ಇಂದು ಎಳೆಯುವ ಗೆರೆಯನ್ನು ಅವರು ಎಳೆದಿರಲಿಲ್ಲ.

ಈ ಗುಡಿಯ ಕೊನೆಯ ಕಥೆಯೇ ಪ್ರಕೃತ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಶುಸಿನನ ತರುವಾಯ ಪಟ್ಟಕ್ಕೆ ಬಂದ ಇಬ್ಬಿಸಿನನ ಮೊದಲ ವರ್ಷಗಳಲ್ಲಿಯೇ ಎಶ್ನುನ್ನವು ಊರಿನ ಅಧೀನದಿಂದ ಬಿಡಿಸಿಕೊಂಡಿತು. ಮುಂದೆ ಆಳಿದವರು ತಮ್ಮ ಊರಿನ ಹಳೆಯ ದೇವತೆಯಾದ ತಿಶ್ಪಕನೇ ಒಡೆಯನೆಂದೂ ತಾವು ಅವನಿಗೆ ಪ್ರಿಯರಾದ ಅಧಿಪತಿಗಳೆಂದೂ ಹೇಳಿಕೊಂಡರು. ಶುಸಿನನ ಗುಡಿಯಲ್ಲಿ ಪೂಜೆ ನಿಂತಿತು. ಕಟ್ಟಡವು ಪಕ್ಕದ ಅರಮನೆಗೆ ಸೇರಿ ಲೌಕಿಕವಾದ ಉಪಯೋಗಕ್ಕೆ ಬಂದಿತು. ತಿಶ್ಪಕನ ವಿಷಯದಲ್ಲಿ ಹೀಗೆ ಮಾಡಲು ಯಾರಿಗೂ ಧೈರ್ಯವಾಗುತ್ತಿರಲಿಲ್ಲ. ರಾಜ್ಯವು ಬದಲಾದರೂ ಊರಿನ ದೇವತೆ ಉಳಿಯುತ್ತಿದ್ದಿತು. ಅರಸದೇವರಾದರೋ ಅವನ ಆಜ್ಞೆ ನಡೆಯುವಷ್ಟು ದೂರ, ನಡೆಯುವಷ್ಟು ಕಾಲ ಮಾತ್ರ ದೇವರು. ಕ್ರಿ.ಪೂ. ೨೦೦೪ರಲ್ಲಿ ಏಲಾಮಿನವರು ಊರ್ ನಗರವನ್ನು ಹಾಳುಮಾಡಿ ಇಬ್ಬಿಸಿನನನ್ನು ಸೆರೆಹಿಡಿದು ಒಯ್ದರು. ಅವನ ಹೆಸರಿನ ಮುಂದೆಯೂ ದೇವಚಿಹ್ನೆಯಿದ್ದಿತು.

೭

ಊರಿನ ಪತನದ ಅನಂತರ ಇಸಿನ್ ನಗರದ ಅರಸರು ಅದೇ ಪರಂಪರೆಯ ಉತ್ತರಾಧಿಕಾರಿಗಳೆಂದು ಹೇಳಿಕೊಂಡು ದೇವಚಿಹ್ನೆಯನ್ನು ಉಳಿಸಿಕೊಂಡರು. ಲಾರ್ಸದ ರಿಂಸಿನ್ ತನ್ನ ದೀರ್ಘವಾದ ಆಳ್ವಿಕೆಯ ನಡುವೆ ಅದನ್ನು ತಾಳಿದನು. ಆದರೆ ಅವನನ್ನು ಕ್ರಿ.ಪೂ. ೧೭೬೩ರಲ್ಲಿ ಸೋಲಿಸಿ ನಾಡನ್ನೆಲ್ಲ ಒಂದುಗೂಡಿಸಿದ ಬಾಬಿಲೋನಿನ ಹಮ್ಮುರಾಬಿಯು ಸಾಮಾನ್ಯವಾಗಿ ಆ ಚಿಹ್ನೆಯನ್ನು ಬಳಸಲಿಲ್ಲ. ಹಮ್ಮುರಾಬಿಯೇ ತನ್ನ ದೇವರೆಂಬರ್ಥದ ಹೆಸರುಗಳನ್ನು ಅವನ ಪ್ರಜೆಗಳಲ್ಲಿ ಕೆಲವರು ಇಟ್ಟುಕೊಂಡಿದ್ದರು, ನಿಜ. ಸ್ತುತಿಯ ಭಾಷೆ ಅಷ್ಟು ಬೇಗ ಅಳಿಯಲಿಲ್ಲ. ಆದರೆ ಅವನ ಪ್ರಸಿದ್ಧವಾದ ಧರ್ಮಶಾಸನದ ಶಿಲೆಯನ್ನು ನೋಡಿದರೆ ಭೇದವು ಸ್ಪಷ್ಟವಾಗುತ್ತದೆ. ಅಲ್ಲಿ ಹಲವು ಕೊಂಬುಗಳ ಕಿರೀಟವನ್ನು ಧರಿಸಿ ಕುಳಿತಿರುವವನು ಶಮಶ್ ದೇವನು. ಅರಸನು ಕೊಂಬಿಲ್ಲದ ದುಂಡು ಟೋಪಿಯನ್ನಿಟ್ಟು, ಕೈಯನ್ನು ಬಾಯಿಯ ಬಳಿಗೆ ಎತ್ತಿ, ಎದುರಿನಲ್ಲಿ ನಿಂತಿದ್ದಾನೆ. ನರಾಂಸಿನನ ಶಿಲೆಯೂ ಹಮ್ಮುರಾಬಿಯ ಶಿಲೆಯೂ ಸೂಸಾ ನಗರದ ಮಣ್ಣಿನಲ್ಲಿಯೇ ದೊರೆತು ಈಗ ಒಂದೇ ಸಂಗ್ರಹಾಲಯದಲ್ಲಿವೆ. ಅವೆರಡರ ನಡುವೆ ಇರುವ ಐದು ಶತಮಾನಗಳಲ್ಲಿ ಅರಸನ ದೈವತ್ವದ ಕಥೆಯು ಬಹುಮಟ್ಟಿಗೆ ಮುಗಿದುಹೋಗಿದ್ದಿತು.

ಮುಂದಿನ ಕಾಲದಲ್ಲಿ ಬಹಳ ಪ್ರಬಲರಾದ ಅಸ್ಸೀರಿಯದ ಚಕ್ರವರ್ತಿಗಳೂ ತಮ್ಮನ್ನು ಅಶ್ಶೂರ್ ದೇವನ ಪ್ರತಿನಿಧಿಗಳೆಂದು ಕರೆದುಕೊಂಡರು. ಅವರ ಪಟ್ಟಾಭಿಷೇಕದ ವಿಧಿಯಲ್ಲಿ ಪೂಜಾರಿಯು ಅಶ್ಶೂರನೇ ಅರಸನೆಂದು ಕೂಗಿ ಸಾರುತ್ತಿದ್ದನು. ಆಸ್ಥಾನದ ಪಂಡಿತರು ಅರಸನನ್ನು ದೇವರ ಪ್ರತಿಮೆಯೆಂದು ಹೊಗಳಿದುದುಂಟು. ಪ್ರತಿಮೆಯೆಂದಮೇಲೆ ಮೂಲವು ಬೇರೆಯಾಗಿಯೇ ಇರಬೇಕಷ್ಟೆ. ಗ್ರಹಣಾದಿ ದುಶ್ಶಕುನಗಳಿಂದ ಅರಸನಿಗೆ ಮೃತ್ಯುಭಯವು ಸೂಚಿತವಾದಾಗ ಬೇರೊಬ್ಬನನ್ನು ತಾತ್ಕಾಲಿಕವಾಗಿ ಸಿಂಹಾಸನದಲ್ಲಿ ಕುಳ್ಳಿರಿಸಿ, ಕೆಡುಕೆಲ್ಲವೂ ಅವನಿಗೆ ತಟ್ಟುವಂತೆ ಮಾಡಿ, ಕೊನೆಗೆ ಅವನನ್ನು ಸಾವಿಗೀಡುಮಾಡುವ ಕ್ರೂರವಾದ ಆಚರಣೆಯೊಂದಿದ್ದಿತು. ಎಸರ್ಹದ್ದೋನನ ಕಾಲದ, ಎಂದರೆ ಕ್ರಿ.ಪೂ. ೭ನೆಯ ಶತಮಾನದ, ಪತ್ರಗಳಲ್ಲಿ ಇದರ ವಿವರಗಳಿವೆ. ಆ ಅವಧಿಯಲ್ಲಿ ನಿಜವಾದ ಅರಸನಿಗೆ ಬರೆಯುವ ಪತ್ರಗಳಲ್ಲಿ ಅವನನ್ನು ‘ಒಕ್ಕಲಿಗ’ನೆಂದು ಸಂಬೋಧಿಸುತ್ತಿದ್ದರು. ಗ್ರಹಣಕ್ಕೆ ಹೆದರಿ ಒಕ್ಕಲಿಗನ ಹೆಸರಿನಲ್ಲಿ ಅಡಗುವವನನ್ನು ದೇವರೆಂದು ಕರೆಯುವುದು ಹೇಗೆ? ಫ್ರೇಜರನ ಮತದವರು ಈ ಆಚರಣೆಯಲ್ಲಿ ದೇವಸ್ವರೂಪನಾದ ಅರಸನ ಬಲಿಯ ಅವಶೇಷವನ್ನು ಕಂಡರು. ಪತ್ರಗಳನ್ನು ಓದಿದರೆ ಕಾಣುವುದು, ಶಕುನಗಳಿಗೆ ಅಧೀನನಾದ ಮನುಷ್ಯನ ಭಯ.

ಬಾಬಿಲೋನಿನ ವರ್ಷಾರಂಭದ ಉತ್ಸವದ ವಿಧಿಯು ಇದನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. ಗ್ರೀಕ್ ವಂಶದ ಸೆಲ್ಯೂಕಿಡ್ ಅರಸರ ಕಾಲಕ್ಕೆ ಸೇರಿದ ಪ್ರತಿಗಳಿಂದ ಇದು ತಿಳಿದುಬಂದಿದೆ. ತ್ಯೂರೋ ದಾಂಜ್ಯಾಂ ಎಂಬ ಫ್ರೆಂಚ್ ವಿದ್ವಾಂಸನು ೧೯೨೧ರಲ್ಲಿ ಇದನ್ನು ಪ್ರಕಟಿಸಿದನು. ನಿಸಾನ್ ಮಾಸದ ೫ನೆಯ ದಿನ ಅರಸನು ಮರ್ದುಕನ ಆಲಯವನ್ನು ಹೊಕ್ಕಾಗ ಮಹಾಪೂಜಾರಿಯು ಅವನ ರಾಜಚಿಹ್ನೆಗಳನ್ನು ಕಳಚಿಸಿ, ಕೆನ್ನೆಗೆ ಹೊಡೆದು, ಕಿವಿ ಹಿಡಿದು ದೇವರ ಮುಂದೆ ಮಂಡಿಯೂರಿಸುತ್ತಿದ್ದನು. ತಾನು ಬಾಬಿಲೋನನ್ನು ಕೆಡಿಸಲಿಲ್ಲ, ದೇವಕಾರ್ಯಗಳನ್ನು ಮರೆಯಲಿಲ್ಲ ಎಂದು ಅರಸನು ನಿವೇದಿಸಬೇಕಾಗಿದ್ದಿತು. ಬಳಿಕ ಚಿಹ್ನೆಗಳನ್ನು ಹಿಂದಕ್ಕೆ ಕೊಟ್ಟು ಮತ್ತೊಮ್ಮೆ ಕೆನ್ನೆಗೆ ಹೊಡೆದಾಗ ಅರಸನ ಕಣ್ಣಲ್ಲಿ ನೀರು ಬಂದರೆ ದೇವರು ಪ್ರಸನ್ನನೆಂದು ತಿಳಿಯುತ್ತಿದ್ದರು. ಪ್ರತಿಗಳು ಈಚಿನವಾದುದರಿಂದ ಈ ವಿಧಿಯು ಹಿಂದೆಯೂ ಹೀಗೆಯೇ ನಡೆಯುತ್ತಿದ್ದಿತೆಂದ� ಹೇಳಲಾಗದು. ಆದರೂ ಆ ಪೂಜಾರಿವರ್ಗದ ದೃಷ್ಟಿಯಲ್ಲಿ ಅರಸನು ದೇವರ ಮುಂದೆ ಉತ್ತರವಾದಿಯಾದ ಸೇವಕನೆಂಬುದರಲ್ಲಿ ಸಂದೇಹವಿಲ್ಲ.

೮

ಮೇಲಣ ವಿಚಾರದಿಂದ ಏರ್ಪಡುವ ಸಾರಾಂಶವನ್ನು ಹೀಗೆ ಹೇಳಬಹುದು. ಮೆಸೊಪೊಟೇಮಿಯದಲ್ಲಿ ಅರಸುತನವು ಯಾವಾಗಲೂ ಪವಿತ್ರವಾದುದು. ಆದರೆ ಪವಿತ್ರತೆಯೇ ದೈವತ್ವವಲ್ಲ. ಬದುಕಿರುವ ಅರಸನು ದೇವರೆನಿಸಿಕೊಂಡುದು ನರಾಂಸಿನನಿಂದ ರಿಂಸಿನನವರೆಗಿನ ಐದು ಶತಮಾನಗಳಲ್ಲಿ, ಅದೂ ನಡುನಡುವೆ ಬಿಡುವುಗೊಟ್ಟು. ಅದರಲ್ಲಿ ನಿಜವಾದ ಕಸುವಿದ್ದುದು ಅಕ್ಕಾಡಿನಲ್ಲಿ ಒಂದು ತಲೆಮಾರು, ಊರಿನಲ್ಲಿ ಮುಕ್ಕಾಲು ಶತಮಾನ. ಎರಡೆಡೆಗಳಲ್ಲಿಯೂ ಅದು ಹುಟ್ಟಿದುದು ರಾಜ್ಯದ ಅಸ್ತಿವಾರವು ಅಲುಗಿದಾಗ, ಹಲವು ಊರುಗಳನ್ನು ಒಂದು ಆಜ್ಞೆಯ ಕೆಳಗೆ ತರುವ ಪ್ರಯತ್ನದೊಡನೆ. ಆಗಲೂ ಅರಸನು ಕಿರಿಯ ದೇವತೆಯಾಗಿ, ಹಿರಿಯ ದೇವತೆಗಳ ಅನುಮತಿಯಿಂದ, ತನ್ನ ಆಜ್ಞೆಯ ಎಲ್ಲೆಯೊಳಗೆ ಪೂಜೆಗೊಂಡನು.

ಈ ನಿರ್ಣಯವು ಕೇವಲ ಪುರಾತತ್ತ್ವಜ್ಞರಿಗೆ ಸಂಬಂಧಪಟ್ಟುದಲ್ಲ. ಪೂರ್ವದೇಶದವರು ಸ್ವಭಾವದಿಂದಲೇ ಅರಸನನ್ನು ಆರಾಧಿಸುವವರೆಂಬ ಸಿದ್ಧಾಂತವು ಪಾಠಪುಸ್ತಕಗಳ ಮೂಲಕ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಬೇರೂರುತ್ತದೆ. ಬಸ್ಸೆಟ್ಕಿಯ ಲೇಖದಲ್ಲಿ ನಗರವಾಸಿಗಳ ಬಿನ್ನಹವನ್ನೂ, ಎಶ್ನುನ್ನದಲ್ಲಿ ಪೂಜೆ ನಿಂತ ಗುಡಿಯನ್ನೂ, ಬಾಬಿಲೋನಿನಲ್ಲಿ ಪೂಜಾರಿಯ ಕೈಯನ್ನೂ ಒಟ್ಟಿಗೆ ನೋಡಿದವರು ಆ ಸಿದ್ಧಾಂತವನ್ನು ಒಪ್ಪಲಾರರು. ಒಂದು ಚಿಹ್ನೆಯನ್ನು ಕಂಡೊಡನೆ ಅದರಿಂದ ಒಂದು ಜನಾಂಗದ ನಂಬಿಕೆಯನ್ನೆಲ್ಲ ಊಹಿಸದೆ, ಅದನ್ನು ಬರೆದವರು ಯಾರು, ಎಂದು ಬರೆದರು, ಯಾವ ಊರಿನಲ್ಲಿ ಬರೆದರು ಎಂದು ಕೇಳುವುದು ಶಾಸನಾಭ್ಯಾಸಿಗಳ ಮೊದಲ ಕರ್ತವ್ಯ. ಮೆಸೊಪೊಟೇಮಿಯದ ದೇವರಾಜರ ವೃತ್ತಾಂತವು ಈ ಕರ್ತವ್ಯವನ್ನು ನಮಗೆ ಮತ್ತೊಮ್ಮೆ ನೆನಪುಮಾಡಿಕೊಡುತ್ತದೆ.